ನನ್ನದೂ ಹಿತ್ತಾಳೆ ಕಿವಿಯೇ, ಗೆಳೆಯಾ

ಪ್ರೀತಿಯ ಗೆಳೆಯಾ,

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನಾನು ತಪ್ಪಿದ್ದು ನಾಲ್ಕು ಜನರ ನಡುವೆ, ಅದಕ್ಕೇ ನಾಲ್ಕು ಜನರೆದುರೇ ಬರೆಯುತ್ತಿದ್ದೇನೆ.

ಮೊನ್ನೆ ಯಾರೋ ಒಬ್ಬ ಹಿರಿಯರ ಬಗ್ಗೆ, "ಬಿಡಿ, ಅವರದು ಹಿತ್ತಾಳೆ ಕಿವಿ" ಅಂದರು. ಎಲ್ಲರ ಜೊತೆ ನಾನೂ ನಕ್ಕೆ. ರಾತ್ರಿ ನಿದ್ದೆ ಹತ್ತಲಿಲ್ಲ. ಈ ಮಾತನ್ನು ನಾವು ಯಾವಾಗಲೂ 'ಅವನದು', 'ಅವರದು' ಅಂತಲೇ ಶುರುಮಾಡುತ್ತೇವಲ್ಲ? 'ನನ್ನದು ಹಿತ್ತಾಳೆ ಕಿವಿ' ಅಂದವರನ್ನು ನಾನಂತೂ ಕಂಡಿಲ್ಲ.

ಕೋಲೆಬಸವ ಬೇರೆ, ಹಿತ್ತಾಳೆ ಕಿವಿ ಬೇರೆ ಅಂತ ನೀನೇ ಒಮ್ಮೆ ಜಗಳಕ್ಕೆ ನಿಂತಿದ್ದೆ. ನೀನು ಹೇಳಿದ್ದೇ ಸರಿ. ಕೋಲೆಬಸವ ತಲೆಯಾಡಿಸುತ್ತಾನೆ, ಒಳಗೆ ಒಪ್ಪಿರಲೇಬೇಕೆಂದಿಲ್ಲ. ಹಿತ್ತಾಳೆ ಕಿವಿಯವನು ನಂಬಿಯೇ ಬಿಡುತ್ತಾನೆ. ಅದೂ ಇನ್ನೊಬ್ಬರ ಮೇಲಿನ ಚಾಡಿಯನ್ನು, ವಿಚಾರಿಸದೆ. ತಾನೇ ಮೋಸಹೋಗುವವನನ್ನು ಪೆದ್ದ ಅಂತೀವಿ, ಅಯ್ಯೋ ಅಂತೀವಿ. ಹಿತ್ತಾಳೆ ಕಿವಿ ಎಂಬ ಮಾತು ಹೆಚ್ಚಾಗಿ ಅಂಟುವುದು ಯಜಮಾನರಿಗೆ, ಅಧಿಕಾರದಲ್ಲಿರುವವರಿಗೆ. ಅವರು ನಂಬಿದರೆ ಪೆಟ್ಟು ಬೀಳುವುದು ಬೇರೆಯವರಿಗೆ.

ನನ್ನ ತಪ್ಪಿಗೆ ನನಗೊಂದು ನೆಪವೂ ಸಿಕ್ಕಿತ್ತು. ಸಾಲೊಮನ್ ಆಶ್ ಎಂಬ ಮನೋವಿಜ್ಞಾನಿ 1950ರ ದಶಕದಲ್ಲಿ ಗೆರೆಗಳ ಉದ್ದ ಹೋಲಿಸುವ ಸುಲಭದ ಪರೀಕ್ಷೆ ಇಟ್ಟಿದ್ದ. ಮೊದಲೇ ಹೇಳಿಕೊಟ್ಟಿದ್ದ ಗುಂಪು ಒಂದೇ ತಪ್ಪು ಉತ್ತರ ಕೊಟ್ಟಾಗ, ಏನೂ ಅರಿಯದೆ ಬಂದವರು ಸುಮಾರು ಮೂರರಲ್ಲಿ ಒಂದು ಸಲ ಅದನ್ನೇ ಹೇಳಿದರು. ನಾನೂ ಹಾಗೇ, ಮನುಷ್ಯ ತಾನೇ ಅಂದುಕೊಂಡೆ. ಆದರೆ ಅವರಲ್ಲಿ ಹಲವರಿಗೆ ಸರಿ ಉತ್ತರ ಗೊತ್ತೇ ಇತ್ತು, ಒಬ್ಬಂಟಿಯಾಗಲು ಹೆದರಿದ್ದರು, ಅಷ್ಟೇ. ಅವರು ಕೋಲೆಬಸವರು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಸಾಕು, ಹಾಗೆ ಜಾರುವವರು ಎಷ್ಟೋ ಕಡಿಮೆಯಾಗುತ್ತಿದ್ದರು.

ಆ ದಿನ ಆ ನಾಲ್ಕು ಜನರ ನಡುವೆ ನಿನ್ನ ಪರವಾಗಿ ಆ ಒಬ್ಬ ನಾನಾಗಬೇಕಿತ್ತು. ದುಡ್ಡಿನ ವಿಷಯದಲ್ಲಿ ನಿನ್ನ ಮೇಲೆ ಅವರು ಹೇಳಿದ್ದನ್ನು ನಾನು ನಂಬಿಬಿಟ್ಟೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ. ಆಮೇಲೆ ನಿನ್ನ ಫೋನು ಬಂದಾಗಲೆಲ್ಲ ಅದು ಹೊಡೆದುಕೊಂಡು ನಿಲ್ಲುವವರೆಗೂ ನೋಡುತ್ತಾ ಕೂತಿದ್ದೆ. ಕೆಲಸದಲ್ಲಿದ್ದೆ ಅಂದದ್ದು ಸುಳ್ಳು. ನಿನಗೆ ಹಾಗೇ ಆಗಬೇಕು ಅಂತ ಒಂದು ಗಳಿಗೆ ಅನ್ನಿಸಿತ್ತು ಕೂಡ.

ಇಷ್ಟೆಲ್ಲ ಬರೆಯಬೇಕೆಂದು ಕೂತವನಲ್ಲ.

ಇರಲಿ. ಆ ಛತ್ರಿ ನಿನ್ನದೇ, ಈಗಲಾದರೂ ಒಪ್ಪಿಕೊಂಡೆ. ಎಂಟನೇ ಮೆಟ್ಟಿಲಿನ ಕಥೆ ಮಾತ್ರ ಇಲ್ಲಿ ಯಾರಿಗೂ ಹೇಳಬೇಡ. ಭಾನುವಾರ ನಾನೇ ಫೋನು ಮಾಡುತ್ತೇನೆ. ನೀನು ಎತ್ತದಿದ್ದರೆ ಸೋಮವಾರವೂ ಮಾಡುತ್ತೇನೆ.

ನಿನ್ನವನೇ