‘ಚೆನ್ನಾಗಿದ್ದೇನೆ’ ಅಂತ ಬರೆಸಿಕೊಂಡರೆ ಆಯ್ತಾ?

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಹುಡುಗನ ಆತ್ಮಹತ್ಯೆ ಸುದ್ದಿ ಸೋಮವಾರ ನಿಮ್ಮಲ್ಲಿ ಬಂದಿದೆ. ಯಾರು, ಯಾವ ಕೇಸು ಅಂತ ಮತ್ತೆ ಬರೆಯುವುದಿಲ್ಲ, ಊರಿಗೆಲ್ಲ ಗೊತ್ತು. ಜೈಲು ಬೇಡ ಅಂತ ಕೋರ್ಟೇ ಮುಚ್ಚಳಿಕೆ ಬರೆಸಿಕೊಂಡು ಪ್ರೊಬೇಷನ್ ಮೇಲೆ, ಅಂದರೆ ಒಬ್ಬ ಅಧಿಕಾರಿಯ ನಿಗಾದಲ್ಲಿ, ಮನೆಗೆ ಕಳಿಸಿದ್ದ ಹುಡುಗ ಅವನು. ಇಷ್ಟಾದ ಮೇಲೆ ಪ್ರೊಬೇಷನ್ ಆಫೀಸಿನವರು ಮಾಡಿದ್ದೇನು ಗೊತ್ತಾ? ನಿನ್ನೆ ಸಹಿ ಹಾಕಲು ಹೋದ ಹುಡುಗರಿಂದೆಲ್ಲ ‘ನಾನು ಮಾನಸಿಕವಾಗಿ ಚೆನ್ನಾಗಿದ್ದೇನೆ’ ಅಂತ ಒಂದು ಹಾಳೆಯಲ್ಲಿ ಬರೆಸಿಕೊಂಡಿದ್ದಾರೆ. ಆಹಾ, ಎಂಥಾ ಚಿಕಿತ್ಸೆ! ನಿಮ್ಹಾನ್ಸ್‌ನವರು ಬಂದು ಕಲಿಯಬೇಕು.

ಆ ಸಾಲಿನಲ್ಲಿ ನನ್ನ ಅಕ್ಕನ ಮಗನೂ ಇದ್ದ. ಅವನ ಜಾಮೀನುದಾರ ನಾನೇ. ಅಂಗಡಿ ಬಾಗಿಲು ಹಾಕಿ, ಎರಡು ಬಸ್ ಬದಲಾಯಿಸಿ, ಜೊತೆಗೆ ಹೋಗಿ ನಿಂತರೆ ‘ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ’. ಸಿಕ್ಕಿದ ದಿನವೂ ಆಧಾರ್ ಜೆರಾಕ್ಸ್, ಸಹಿ, ‘ಕೆಲಸ ಸಿಕ್ತಾ?’ ಅಷ್ಟೇ. ಇಲ್ಲ ಸಾರ್ ಅಂದರೆ ‘ಹುಡುಕ್ಕೋ’. ರಾತ್ರಿ ನಿದ್ದೆ ಬರುತ್ತಾ, ಊಟ ಸೇರುತ್ತಾ, ಮನಸ್ಸಿಗೆ ಕೆಟ್ಟ ಯೋಚನೆ ಬರುತ್ತಾ ಅಂತ ಒಬ್ಬರೂ ಕೇಳಿಲ್ಲ, ಅದೇನಿದ್ದರೂ ನಾವು ಮನೆಯವರು ರಾತ್ರಿ ಎದ್ದೆದ್ದು ನೋಡಿಕೊಳ್ಳಬೇಕು. ನಮ್ಮ ವಕೀಲರು ಹೇಳಿದ ಪ್ರಕಾರ 1958ರ ಪ್ರೊಬೇಷನ್ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ, ಅಗತ್ಯವಿದ್ದರೆ ಕೆಲಸ ಹುಡುಕಿಕೊಡಲು ಪ್ರಯತ್ನ ಮಾಡುವುದೂ ಆ ಆಫೀಸರ ಕರ್ತವ್ಯವೇ. ‘ಹುಡುಕ್ಕೋ’ ಅಂದಿದ್ದೇ ಪ್ರಯತ್ನ ಇರಬೇಕು. 12ನೇ ಸೆಕ್ಷನ್ ಪ್ರಕಾರ ಇಂಥವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟಬಾರದಂತೆ. ಅದನ್ನು ವಾಚ್‌ಮನ್ ಕೆಲಸಕ್ಕೂ ಪೊಲೀಸ್ ವೆರಿಫಿಕೇಷನ್ ಕೇಳುವವರಿಗೆ ಯಾರು ಹೇಳಬೇಕು?

ನೀವೂ ಕಡಿಮೆಯಿಲ್ಲ ಬಿಡಿ. ಹಳೇ ಕೇಸಿನ ಕಥೆಯೆಲ್ಲ ಬರೆಯಲು ಜಾಗ ಇತ್ತು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಹಾಕಲು ಒಂದು ಸಾಲು ಇರಲಿಲ್ವಾ? ದುಡ್ಡಿಲ್ಲದೆ, ರಾತ್ರಿ ಹೊತ್ತಲ್ಲೂ ಕನ್ನಡದಲ್ಲೇ ಮಾತಾಡುತ್ತಾರೆ. ಆ ಆಫೀಸಿನ ಗೋಡೆ ಮೇಲೂ ಅದಿಲ್ಲ, ಇರುವುದು ಹೋದ ವರ್ಷದ ಕ್ಯಾಲೆಂಡರ್.

ಅದೇ ಕಟ್ಟಡದಲ್ಲಿ ನಮ್ಮಪ್ಪ ಪಹಣಿ ತಿದ್ದುಪಡಿಗೆ ಅಂತ ಅಲೆದು ಅಲೆದು ತೀರಿಕೊಂಡರು, ಹೆಸರು ಇವತ್ತಿಗೂ ತಪ್ಪೇ ಇದೆ. ಅಧಿಕಾರಿಗಳು ಬದಲಾಗುತ್ತಾರೆ, ‘ನಾಳೆ ಬನ್ನಿ’ ಮಾತ್ರ ವರ್ಗಾವಣೆ ಆಗುವುದಿಲ್ಲ.

ಸಂಬಂಧಪಟ್ಟವರು ಏನಾದರೂ ಮಾಡಲಿ. ಈ ಹುಡುಗರ ಜೊತೆ ಕೂತು ಮಾತಾಡುವ ಒಬ್ಬ ಡಾಕ್ಟರನ್ನೋ ಕೌನ್ಸೆಲರನ್ನೋ ಅಲ್ಲಿಗೆ ಕಳಿಸಲಿ, ಇಲ್ಲವಾದರೆ ಸುಮ್ನೆ ಆಫೀಸಿಗೆ ಬೀಗ ಹಾಕಲಿ. ಅಲ್ಲಿನ ಶೌಚಾಲಯಕ್ಕೆ ಹಾಕಿದ ಬೀಗ ಹೇಗೂ ಇದೆ, ಅದನ್ನೇ ತಂದು ಮುಂಬಾಗಿಲಿಗೆ ಹಾಕಿದರೂ ಆಯಿತು.

ಇಂತಿ,
ಒಬ್ಬ ಜಾಮೀನುದಾರ