ಗೆಳೆಯನಿಗೊಂದು ಪತ್ರ: ಬಟನ್ ಬಾಕ್ಸ್‌ಗೆ ದುಡ್ಡು ಹಾಕುವ ಮುಂಚೆ

ಪ್ರೀತಿಯ ಮಂಜು,

ಮೆಸ್ ಬಿಲ್ ಕಟ್ಟಿ ಉಳಿದ ದುಡ್ಡಿನಲ್ಲೇ ಯೂರೋ ಟ್ರಕ್ ಸಿಮ್ಯುಲೇಟರ್ 2 ಆಟಕ್ಕೆ ಬಟನ್ ಬಾಕ್ಸ್ (ಆಟದ ಲಾರಿಯ ಹೆಡ್‌ಲೈಟ್, ವೈಪರ್‌ನಂಥವನ್ನು ನಡೆಸುವ ಬಟನ್‌ಗಳ ಡಬ್ಬಿ) ಮಾಡಿಕೊಳ್ಳಬೇಕು ಅಂತ ಬರೆದಿದ್ದೀಯ. ಖಂಡಿತ ಮಾಡು. ಡಬ್ಬಿಯಲ್ಲಿ ಉಳಿಸು, ವೈರಿನಲ್ಲಿ ಉಳಿಸು, ಬಟನ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಆರ್ಡುಯಿನೊ ಬೋರ್ಡಿನಲ್ಲಿ ಮಾತ್ರ ಉಳಿಸೋಕೆ ಹೋಗಬೇಡ.

ಅಂಗಡಿಯವರು ಊನೊ, ನ್ಯಾನೊ ಬೋರ್ಡುಗಳನ್ನು ಅಗ್ಗ ಅಂತ ಕೊಡ್ತಾರೆ. ಅವುಗಳ ಎಟಿಮೆಗಾ328ಪಿ ಚಿಪ್‌ಗೆ ತಾನೇ ಯುಎಸ್‌ಬಿ ಜಾಯ್‌ಸ್ಟಿಕ್ ಆಗಲು ಬರುವುದಿಲ್ಲ. ನಿನಗೆ ಬೇಕಾದ್ದು ಎಟಿಮೆಗಾ32ಯು4 ಇರುವ ಪ್ರೊ ಮೈಕ್ರೊ, ಅದೂ 5 ವೋಲ್ಟ್, 16 ಮೆಗಾಹರ್ಟ್ಸ್‌ನದು. ಅದಕ್ಕೆ ಆರ್ಡುಯಿನೊ ಐಡಿಇಯಲ್ಲಿ (ಬೋರ್ಡಿಗೆ ಕೋಡ್ ಬರೆದು ಹಾಕುವ ತಂತ್ರಾಂಶ) ಬೋರ್ಡಿನ ಹೆಸರು ಲಿಯೊನಾರ್ಡೊ ಎಂದು ಆರಿಸಿದರೆ ನಡೆಯುತ್ತದೆ. 3.3 ವೋಲ್ಟ್, 8 ಮೆಗಾಹರ್ಟ್ಸ್ ಬೋರ್ಡಿಗೆ ಹಾಗೆ ಮಾಡಿದರೆ ಯುಎಸ್‌ಬಿಯ ಲೆಕ್ಕ ತಪ್ಪಿ ಕಂಪ್ಯೂಟರಿಗೆ ಬೋರ್ಡೇ ಕಾಣುವುದಿಲ್ಲ. ಬೋರ್ಡು ಸತ್ತಿತು ಅಂತ ಎಸೆಯಬೇಡ ಕಣೋ. ಆರ್‌ಎಸ್‌ಟಿ ಪಿನ್ನನ್ನು ಗ್ರೌಂಡಿಗೆ ಬೇಗಬೇಗ ಎರಡು ಸಲ ಮುಟ್ಟಿಸು. ಸುಮಾರು 8 ಸೆಕೆಂಡು ಬೂಟ್‌ಲೋಡರ್ (ಹೊಸ ಪ್ರೋಗ್ರಾಂ ಒಳಗೆ ಬಿಟ್ಟುಕೊಳ್ಳುವ ಭಾಗ) ತೆರೆದಿರುತ್ತದೆ, ಅಷ್ಟರಲ್ಲಿ ಸರಿಯಾದ ಬೋರ್ಡ್ ಆರಿಸಿ ಪ್ರೋಗ್ರಾಂ ಹಾಕು. ಚಾರ್ಜಿಂಗ್‌ಗೆ ಮಾತ್ರ ಆಗುವ ಕೇಬಲ್ ಹಾಕಿದರೂ ಬೋರ್ಡ್ ಕಾಣುವುದಿಲ್ಲ, ಮೊದಲು ಅದನ್ನೇ ಬದಲಿಸಿ ನೋಡು.

16 ಬಟನ್ನಿಗೆ 16 ಪಿನ್ ಬೇಡ, 4×4 ಮ್ಯಾಟ್ರಿಕ್ಸ್ (4 ಸಾಲು, 4 ಕಾಲಂ; ಅವು ಕೂಡುವಲ್ಲೆಲ್ಲ ಒಂದು ಬಟನ್) ಮಾಡಿದರೆ 8 ಸಾಕು: ಸಾಲುಗಳು 2ರಿಂದ 5ನೇ ಪಿನ್ನಿಗೆ, ಕಾಲಂಗಳು 6ರಿಂದ 9ನೇ ಪಿನ್ನಿಗೆ. ಹಳೆಯ ಲ್ಯಾನ್ ಕೇಬಲ್ಲಿನೊಳಗೆ ಸರಿಯಾಗಿ 8 ತಂತಿ ಇರುತ್ತವೆ, ಬಿಟ್ಟಿ. ಆದರೆ ಒಂಟಿ ಎಳೆಯ ಗಟ್ಟಿ ತಂತಿ ಪದೇಪದೇ ಬಾಗಿದರೆ ಮುರಿಯುತ್ತದೆ, ಹಾಗಾಗಿ ತೆಗೆದು ಮುಚ್ಚುವ ಮುಚ್ಚಳಕ್ಕೆ ಅದನ್ನು ಎಳೆಯಬೇಡ.

ಪ್ರತಿ ಬಟನ್ನಿಗೂ ಒಂದು 1ಎನ್4148 ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹಾಕು. ಅದಿಲ್ಲದಿದ್ದರೆ ಚೌಕದ ಮೂರು ಮೂಲೆಯ ಬಟನ್ ಒಟ್ಟಿಗೆ ಒತ್ತಿದಾಗ ನಾಲ್ಕನೆಯದೂ ಒತ್ತಿದಂತೆ ಕಾಣುತ್ತದೆ. ಹೆಡ್‌ಲೈಟ್, ವೈಪರ್‌ಗೆ ಟಾಗಲ್ ಸ್ವಿಚ್ ಹಾಕಿದರೆ ಇದು ಖಂಡಿತ ಕಾಡುತ್ತದೆ, ಯಾಕೆಂದರೆ ಅವು ಒತ್ತಿದ ಸ್ಥಿತಿಯಲ್ಲೇ ಇರುತ್ತವೆ. ಕೀಪ್ಯಾಡ್ ಲೈಬ್ರರಿ (ಮ್ಯಾಟ್ರಿಕ್ಸ್ ಓದುವ ಸಿದ್ಧ ಕೋಡ್) ಬಳಸುವುದಾದರೆ ಡಯೋಡಿನ ಕಪ್ಪು ಪಟ್ಟಿ ಕಾಲಂ ಕಡೆಗಿರಲಿ. ತಿರುಗಿಸಿ ಹಾಕಿದರೆ ಏನೂ ಸುಡುವುದಿಲ್ಲ, ಬಟನ್ ಕೆಲಸ ಮಾಡುವುದಿಲ್ಲ ಅಷ್ಟೆ. ಉಳಿದ ಬಟನ್‌ಗಳನ್ನು ಕೊಳ್ಳುವಾಗ "ಒತ್ತಿ ಬಿಟ್ಟರೆ ವಾಪಸ್ ಬರೋದು" ಅಂತ ಹೇಳಿಯೇ ಕೇಳು.

ಕ್ರೂಸ್ ಕಂಟ್ರೋಲ್ ವೇಗ ಏರಿಸಿ ಇಳಿಸಲು ಒಂದು ರೋಟರಿ ಎನ್‌ಕೋಡರ್ (ಹೆಜ್ಜೆಹೆಜ್ಜೆಯಾಗಿ ತಿರುಗುವ ಗುಂಡಿ) ಚೆನ್ನಾಗಿರುತ್ತದೆ: ಎರಡು ತುದಿ 14, 15ನೇ ಪಿನ್ನಿಗೆ, ನಡುವಿನದು ಗ್ರೌಂಡಿಗೆ. ಎಡಕ್ಕೆ ಒಂದು ಬಟನ್, ಬಲಕ್ಕೆ ಒಂದು ಎಂದು ಜಾಯ್‌ಸ್ಟಿಕ್ ಲೈಬ್ರರಿಗೆ ಹೇಳು. ಇಲ್ಲೇ ಬಹಳ ಜನ ಎಡವುತ್ತಾರೆ. ಆಟ 30 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಚಿತ್ರ) ಓಡುತ್ತಿದ್ದರೆ ಒಂದು ಫ್ರೇಮ್ ಅಂದರೆ 33 ಮಿಲಿಸೆಕೆಂಡು. ಅದಕ್ಕಿಂತ ಬೇಗ ಒತ್ತಿ ಬಿಟ್ಟ ಬಟನ್ ಆಟದ ಕಣ್ಣಿಗೆ ಬೀಳದೇ ಹೋಗಬಹುದು. ಹಾಗಾಗಿ ಎನ್‌ಕೋಡರಿನ ಪ್ರತಿ ಹೆಜ್ಜೆಗೂ ಕೋಡ್‌ನಲ್ಲಿ ಆ ಬಟನ್ನನ್ನು 50 ಮಿಲಿಸೆಕೆಂಡು ಒತ್ತಿ ಹಿಡಿಸು. ಹಾಗಂತ ಡಿಲೇ (ಸುಮ್ಮನೆ ಕಾಯಿಸುವ ಆದೇಶ) ಬಳಸಬೇಡ, ಅಷ್ಟು ಹೊತ್ತು ಬೋರ್ಡು ಬೇರೇನನ್ನೂ ನೋಡದೆ ಎನ್‌ಕೋಡರಿನ ಮುಂದಿನ ಹೆಜ್ಜೆಗಳು ತಪ್ಪಿಹೋಗುತ್ತವೆ. ಮಿಲಿಸ್ (ಕಳೆದ ಸಮಯ ಹೇಳುವ ಆದೇಶ) ಇಟ್ಟುಕೊಂಡು ಲೆಕ್ಕ ಹಾಕು.

ಡಬ್ಬಿಗೆ ದಪ್ಪ ಪ್ಲಾಸ್ಟಿಕ್ಕಿನ ಊಟದ ಡಬ್ಬಿ ಸಾಕು. 12 ಮಿ.ಮೀ. ಬಟನ್‌ಗಳ ನಡುವೆ, ಕೇಂದ್ರದಿಂದ ಕೇಂದ್ರಕ್ಕೆ, 25 ಮಿ.ಮೀ. ಬಿಟ್ಟರೆ ಬೆರಳು ತಡವರಿಸುವುದಿಲ್ಲ. ಪ್ರೊ ಮೈಕ್ರೊದ ಮೈಕ್ರೊ ಯುಎಸ್‌ಬಿ ಸಾಕೆಟ್ ಕೇಬಲ್ ಎಳೆತಕ್ಕೆ ಕಿತ್ತು ಬರುವುದು ತೀರಾ ಸಾಮಾನ್ಯ. ಡಬ್ಬಿಯೊಳಗೆ ಕೇಬಲ್ಲಿಗೊಂದು ಗಂಟು ಹಾಕಿ, ಸಾಕೆಟ್ ಸುತ್ತ ಹಾಟ್ ಗ್ಲೂ ಬಿಡು.

ಇನ್ನೊಂದು ಮಾತು. ನಿನ್ನ ಲ್ಯಾಪ್‌ಟಾಪಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಒಂದೇ ರ‍್ಯಾಮ್ ಪಟ್ಟಿ ಇದ್ದು ಇನ್ನೊಂದು ಸ್ಲಾಟ್ ಖಾಲಿಯಿದ್ದರೆ, ಬಾಕ್ಸ್ ಈ ತಿಂಗಳು ಬೇಡ. ಒಳಗಿನ ಗ್ರಾಫಿಕ್ಸ್ ಅದೇ ರ‍್ಯಾಮ್ ಹಂಚಿಕೊಳ್ಳುವುದರಿಂದ, ಅಷ್ಟೇ ಸಾಮರ್ಥ್ಯದ ಇನ್ನೊಂದು ಪಟ್ಟಿ ಸೇರಿಸಿದರೆ ಆಟ ಎದ್ದು ಕಾಣುವಷ್ಟು ಸರಾಗವಾಗುತ್ತದೆ.

ಬೋರ್ಡ್ ಕೊಂಡ ಮೇಲೆ ಬೆಸುಗೆಗೆ ಕೈ ಹಾಕುವ ಮುಂಚೆ ಒಂದೇ ಬಟನ್ ಬ್ರೆಡ್‌ಬೋರ್ಡಿನಲ್ಲಿ (ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ಹಲಗೆ) ಕೂಡಿಸಿ, ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿಯಲ್ಲಿ ದೀಪ ಹತ್ತುತ್ತದಾ ನೋಡು. ಚಿಪ್ ಮೇಲಿನ ಅಕ್ಷರ ಕಾಣುವ ಹಾಗೆ ಒಂದು ಫೋಟೊ ಕಳಿಸು, ಕೋಡ್ ಕೂಡಿ ಬರೆಯೋಣ.

ನಿನ್ನ,
ಸಂತು