ಕಾಕಾ-ಕಾಕು ಬರುವ ಮೊದಲು ಮನೆ ಹಗುರ ಮಾಡಿಕೋ: ಗೆಳೆಯನಿಗೊಂದು ಪತ್ರ

ನವನಗರ, ಬಾಗಲಕೋಟೆ

ಪ್ರೀತಿಯ ದೋಸ್ತ,

ಕಾಕಾ-ಕಾಕು ಊರು ಬಿಟ್ಟು ಬೆಳಗಾವಿಯಲ್ಲಿ ನಿನ್ನ ಹತ್ತಿರವೇ ಬಂದು ಇರಲು ಒಪ್ಪಿದ್ದು ಕೇಳಿ ಮನಸ್ಸಿಗೆ ಬಹಳ ಸಮಾಧಾನವಾಯಿತು. ಬೀಳಗಿ ಕಡೆ ಮುಳುಗಡೆಯವರಿಗೆ ಅಂತ ಕಟ್ಟಿದ ಆ ಪುನರ್ವಸತಿ ಕೇಂದ್ರದಲ್ಲಿ ಇಬ್ಬರೇ ಇರುವುದು ಇನ್ನು ಮುಂದೆ ಕಷ್ಟವೇ ಇತ್ತು. ಆದರೆ ಫೋನಿಡುವ ಮುಂಚೆ ನೀನು ಅಂದ ಮಾತು ತಲೆಯಿಂದ ಹೋಗುತ್ತಿಲ್ಲ: "ಎರಡು ಖೋಲಿ ಮನಿಯಾಗ ನಮಗ ಕಾಲಿಡಾಕ ಜಾಗಾ ಇಲ್ಲ, ಅವರನ್ನ ಎಲ್ಲಿ ಇಟ್ಕೊಳ್ಳಲಿ?" ನಿನ್ನ ಮನೆ ನಾನು ನೋಡಿದ್ದೇನೆ. ಜಾಗ ಇದೆ, ಅಲ್ಲಿ ಸಾಮಾನು ಕೂತುಬಿಟ್ಟಿದೆ. ಅದನ್ನು ಎಬ್ಬಿಸುವುದು ಹೇಗೆ ಅಂತ ನನಗೆ ತಿಳಿದಷ್ಟು ಬರೆಯುತ್ತೇನೆ. ವೈನಿ ಜೊತೆ ಕೂತು ಓದು. ಇದು ಅವರೊಬ್ಬರ ಮೇಲೆ ಹಾಕುವ ಕೆಲಸ ಅಲ್ಲ.

"ರವಿವಾರ ಸೂಟಿ ಐತಿ, ಒಂದ ದಿನದಾಗ ಇಡೀ ಮನಿ ಖಾಲಿ ಮಾಡ್ತೀನಿ" ಅಂದೆಯಲ್ಲ, ಅದೊಂದು ಬೇಡ. ನಮ್ಮ ಕಡೆ ಮಾರ್ನಮಿ ಬಂತೆಂದರೆ ನವರಾತ್ರಿಯ ಘಟ್ಟ ಹಾಕುವ ಮೊದಲು ಮನೆಯ ಸಾಮಾನೆಲ್ಲ ಅಂಗಳಕ್ಕೆ ಬರುತ್ತಿತ್ತು. ನಾಗೊಂದಿಗೆ ಮೇಲಿನ ಹಿತ್ತಾಳೆ ಕೊಡ ಇಳಿಯುತ್ತಿತ್ತು, ಕೌದಿಗಳೆಲ್ಲ ಹೊಳೆಗೆ ಹೋಗಿ ಬಂಡೆಯ ಮೇಲೆ ಒಣಗುತ್ತಿದ್ದವು. ಚೆಂದದ ಪದ್ಧತಿ ಅದು. ಆದರೆ ಅದರಿಂದ ಧೂಳು ಹೋಗುತ್ತಿತ್ತೇ ಹೊರತು ಸಾಮಾನು ಕಡಿಮೆ ಆಗುತ್ತಿರಲಿಲ್ಲ. ತೊಳೆಸಿಕೊಂಡು ಮತ್ತೆ ಅದೇ ಜಾಗಕ್ಕೆ ಹತ್ತಿ ಕೂರುತ್ತಿತ್ತು. ಅಲ್ಲದೆ ಆಗ ಮನೆತುಂಬ ಮಂದಿ ಇದ್ದರು, ಹರವಲು ಅಂಗಳ ಇತ್ತು. ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೇ ಎಲ್ಲ ಕಪಾಟು ಒಮ್ಮೆಲೇ ಬರಿದು ಮಾಡಿದರೆ, ಸಂಜೆ ಹೊತ್ತಿಗೆ ಮಂಚದ ಮೇಲೆ ರಾಶಿ ಬಿದ್ದಿರುತ್ತದೆ, ಮಕ್ಕಳು ನಿದ್ದೆಗೆ ಅಳುತ್ತಿರುತ್ತಾರೆ, ಸಿಕ್ಕಿದ್ದನ್ನು ಸಿಕ್ಕಲ್ಲಿ ತುರುಕಿ ಮಲಗುತ್ತೀರಿ. ಒಂದು ಡ್ರಾ, ಕಪಾಟಿನ ಒಂದು ಫಳಿ, ಡಬ್ಬಿಗಳ ಒಂದು ಸಾಲು. ಕೂತಲ್ಲಿ ಮುಗಿಯುವಷ್ಟನ್ನೇ ಕೈಗೆ ತಗೋ. ಮುಗಿದ ಮೇಲೆ ಹುಮ್ಮಸ್ಸು ಉಳಿದಿದ್ದರೆ ಪಕ್ಕದ್ದನ್ನು ತೆಗಿ.

ಎಲ್ಲಕ್ಕಿಂತ ಮೊದಲು ನೆಲ. ಕಾಕಾ ಮಲಗುವ ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ದೀಪ ಆರಿಸಿ ನೀನೇ ಒಮ್ಮೆ ನಿಧಾನಕ್ಕೆ ನಡೆದು ನೋಡು. ಚಪ್ಪಲಿ ಸ್ಟ್ಯಾಂಡು, ಮಕ್ಕಳ ಸೈಕಲ್ಲು, ಅಂಚು ಮಡಚಿಕೊಂಡ ಮ್ಯಾಟು, ಚಾರ್ಜರಿನ ವೈರು, ಒಂದೊಂದೂ ಕಾಲಿಗೆ ಸಿಗುತ್ತದೆ. ವಯಸ್ಸಾದವರು ಮನೆಯೊಳಗೆ ಬೀಳುವುದು ಎಷ್ಟೋ ಸಲ ಇಂಥದ್ದಕ್ಕೇ ಎಡವಿ. ಆ ವಯಸ್ಸಿನಲ್ಲಿ ಸೊಂಟದ ಎಲುಬು ಮುರಿದರೆ ಮತ್ತೆ ಮೊದಲಿನಂತೆ ಓಡಾಡುವುದು ಬಹಳ ಮಂದಿಗೆ ಆಗುವುದೇ ಇಲ್ಲ. ಆಮೇಲೆ ಕಪಾಟಿನಲ್ಲಿ ನಡುವಿನ ಫಳಿಗಳನ್ನು ಅವರಿಗೆ ಬಿಟ್ಟುಕೊಡು. ಬಗ್ಗದೆ, ಸ್ಟೂಲು ಹತ್ತದೆ ಕೈಗೆ ಸಿಗುವ ಜಾಗ ಅವರದಾಗಲಿ. ಮೇಲಿನದೂ ಕೆಳಗಿನದೂ ನಿಮಗಿರಲಿ.

ಡಬ್ಬಿಗಳಲ್ಲಿ ಔಷಧಿ ಡಬ್ಬಿಯಿಂದ ಶುರು ಮಾಡು, ಯಾಕೆಂದರೆ ಹಳೆ ಮಾತ್ರೆಯ ಮೇಲೆ ಯಾರಿಗೂ ಮೋಹ ಇರುವುದಿಲ್ಲ. ಪೇಪರ್ ಹಾಸಿ ಎಲ್ಲ ಸುರುವು. ಅರ್ಧ ಕತ್ತರಿಸಿದ ಪಟ್ಟಿಗಳಲ್ಲಿ ತಾರೀಕು ಇರುವ ತುದಿಯೇ ಹೋಗಿರುತ್ತದೆ, ಕೆಲವದರಲ್ಲಿ ಹೆಸರೂ ಇರುವುದಿಲ್ಲ. ಅವು ಮೊದಲು ಹೊರಗೆ. ಇನ್ನು ಮುಂದೆ ಮಾತ್ರೆ ತೆಗೆಯುವಾಗ ತಾರೀಕು ಇಲ್ಲದ ತುದಿಯಿಂದ ತೆಗೆಯಿರಿ. ಪುಡಿಗೆ ನೀರು ಬೆರೆಸಿದ ಮಕ್ಕಳ ಆಂಟಿಬಯೋಟಿಕ್ ಸಿರಪ್ಪು ಒಂದೆರಡು ವಾರ ಬಾಳುತ್ತದೆ ಅಷ್ಟೇ. ಬಾಟಲಿ ಮೇಲೆ ಮುಂದಿನ ವರ್ಷದ ತಾರೀಕಿದ್ದರೆ ಅದು ಒಣ ಪುಡಿಗೆ ಹೇಳಿದ್ದು. ಕಣ್ಣಿನ ಹನಿಯೂ ಬಹುತೇಕ ಮುಚ್ಚಳ ತೆಗೆದ ತಿಂಗಳಿಗೆ ಬಿಸಾಡುವಂಥದ್ದು. ಕಾಕಾಗೆ ಕಣ್ಣಿನ ಆಪರೇಷನ್ ಆಗಿದೆಯಲ್ಲ, ಬಾಟಲಿ ತೆಗೆದ ದಿನವೇ ತಾರೀಕು ಬರೆದು ಅಂಟಿಸು. ಬೇಡವಾದ ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ, ಸೋಸಿದ ಚಹಾಪುಡಿಯಲ್ಲಿ ಕಲಸಿ, ಚೀಲದ ಬಾಯಿ ಕಟ್ಟಿ ಕಸಕ್ಕೆ ಹಾಕು. ಹಾಗೇ ಎಸೆದರೆ ಮಕ್ಕಳ ಕೈಗೋ ನಾಯಿಯ ಬಾಯಿಗೋ ಸಿಗುತ್ತದೆ. ಖಾಲಿಯಾದ ಆ ಡಬ್ಬಿಯ ಅರ್ಧ ಜಾಗದಲ್ಲಿ ಕಾಕಾರ ಬಿಪಿ ಮಾತ್ರೆ ಕೂರಲಿ.

ಅಡುಗೆಮನೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎರಡು ಮಾತು ಸಾಕು. ಊರಿಂದ ಯಾರೇ ಬಂದರೂ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಕಟ್ಟಿಕೊಂಡೇ ಬರುತ್ತಾರೆ. ಎಣ್ಣೆಕಾಳಿನ ಪುಡಿ ಬಹಳ ದಿನ ತಾಳುವುದಿಲ್ಲ, ಕಮಟು ಹಿಡಿಯುತ್ತದೆ. ಸಜ್ಜೆ ಹಿಟ್ಟು ಇನ್ನೂ ಬೇಗ ಕಹಿಯಾಗುತ್ತದೆ. ಮೂಸಿ ನೋಡಿ ತೆಗೆಯಿರಿ, ಉಳಿದದ್ದರ ಮುಚ್ಚಳದ ಮೇಲೆ ತಿಂಗಳು ಬರೆಯಿರಿ. ಎರಡನೆಯದು ಪ್ಲಾಸ್ಟಿಕ್ ಡಬ್ಬಿ: ಎಲ್ಲ ಡಬ್ಬಿ, ಎಲ್ಲ ಮುಚ್ಚಳ ನೆಲಕ್ಕೆ ಹಾಕಿ ಜೋಡಿ ಕೂಡಿಸಿ, ಒಂಟಿ ಉಳಿದದ್ದನ್ನೆಲ್ಲ ಗುಜರಿ ಮೋಡಕಾದವನಿಗೆ ಕೊಡಿ. ಅಷ್ಟಕ್ಕೇ ಕಟ್ಟೆಯ ಕೆಳಗೆ ಒಂದು ಅಂಕಣ ಬಿಡುವಾಗುತ್ತದೆ.

ಈಗ ದೊಡ್ಡದಕ್ಕೆ ಬರುತ್ತೇನೆ: ಆಯೇರಿ. ನಿಮ್ಮ ಮಲಗುವ ಖೋಲಿಯ ಅಟ್ಟದ ತುಂಬ ಇರುವುದು ಅದೇ. ಮದುವೆ, ವಾಸ್ತುಶಾಂತಿ, ಬಸಿರಿಯ ಕುಬಸ, ತೊಟ್ಟಿಲು, ಯಾವುದಕ್ಕೆ ಹೋದರೂ ಕೊಡುವುದು, ತಗೊಳ್ಳುವುದು ನಮ್ಮಲ್ಲಿ ಇದ್ದೇ ಇದೆ. ಟಾವೆಲ್ಲು, ಟೋಪಿ, ಪ್ಯಾಂಟು-ಶರ್ಟಿನ ಪೀಸು, ಉಡಿ ತುಂಬಿದ ಖಣ, ತಳದಲ್ಲಿ ಹೆಸರು ಕೊರೆಸಿದ ಸ್ಟೀಲ್ ಬೋಗಾಣಿ. ಕೊಟ್ಟವರ ಪ್ರೀತಿ ಸುಳ್ಳಲ್ಲ, ಅದಕ್ಕೇ ಕೈ ಬರುವುದಿಲ್ಲ. ಆದರೆ ಆ ಪ್ರೀತಿ ಅವರು ಬಂದು ನಿಂತು ಕೊಟ್ಟಾಗಲೇ ನಿಮಗೆ ಮುಟ್ಟಿದೆ. ಪೀಸು ಅಟ್ಟದ ಮೇಲೆ ಮಡಿಕೆಯ ಗೆರೆಯಲ್ಲೇ ಬಣ್ಣ ಕಳಕೊಳ್ಳುವುದರಿಂದ ಅದಕ್ಕೆ ಏನೂ ಕೂಡುವುದಿಲ್ಲ. ಒಂದು ಟ್ರಂಕು ಇಳಿಸಿ, ಒಂದೊಂದೇ ಬಿಚ್ಚು. ಹೊಲಿಸುವ ಮನಸ್ಸಿದ್ದರೆ ಆ ಪೀಸು ಅದೇ ವಾರ ಟೇಲರ್ ಹತ್ತಿರ ಹೋಗಬೇಕು; "ಮುಂದ ನೋಡೋಣ" ಅಂದದ್ದು ಮತ್ತೆ ಅಟ್ಟ ಹತ್ತುತ್ತದೆ. ಬೇರೆಯವರಿಗೆ ಆಯೇರಿ ಮಾಡಲು ಬರುವಂಥದ್ದನ್ನು ಒಂದೇ ಚೀಲದಲ್ಲಿಡು, ಪ್ರತಿಯೊಂದರ ಒಳಗೆ ಕೊಟ್ಟವರ ಹೆಸರಿನ ಚೀಟಿ ಇರಲಿ. ಕೊಟ್ಟ ಮನೆಗೇ ತಿರುಗಿ ಹೋದರೆ ಸಂಬಂಧ ಕೆಡುತ್ತದೆ. ಬೋಗಾಣಿಯಲ್ಲಿ ಒಂದೇ ಅಳತೆಯವು ಎಷ್ಟು ಇವೆ ನೋಡು. ನಿತ್ಯ ಒಲೆ ಮೇಲೆ ಏರುವವು ಎರಡು-ಮೂರೇ. ಉಳಿದದ್ದನ್ನು ಬಾಂಡೆ ಅಂಗಡಿಯಲ್ಲಿ ತೂಕಕ್ಕೆ ಹಾಕಿ, ಕಾಕುಗೆ ಬೇಕಾದ ದೊಡ್ಡ ಪರಾತವೊಂದನ್ನು ತಗೊಂಡರೂ ಆಗುತ್ತದೆ.

ಅದೇ ಟ್ರಂಕಿನಲ್ಲಿ ಇಳಕಲ್ ಸೀರೆ ಸಿಕ್ಕರೆ ಕೈ ತಡೆ. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿಯ ತೆನೆ ಎದ್ದು ಕಾಣುವ ಆ ಟೋಪಿ ತೆನೆಯನ್ನು ಬೆಳಕಿಗೆ ಹಿಡಿದು ನೋಡು, ಕೂಡಿದ ಜಾಗ ಗೊತ್ತಾಗುತ್ತದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಬಿದ್ದರೆ ರೇಷ್ಮೆ ಸೆರಗು ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಪ್ಲಾಸ್ಟಿಕ್ ಚೀಲದಿಂದ ತೆಗೆದು ಹಳೆಯ ಕಾಟನ್ ಪಂಚೆಯಲ್ಲಿ ಸುತ್ತಿಡಿ, ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ನುಸಿ ಗುಳಿಗೆ ಬಟ್ಟೆಗೆ ನೇರ ತಾಗಬಾರದು. ಒಳ್ಳೆಯ ಗುಳೇದಗುಡ್ಡ ಖಣ ಇದ್ದರೂ ಇಷ್ಟೇ ಮರ್ಯಾದೆ ಕೊಡಿ. ಕುಬಸ ಹೊಲಿಸದಿದ್ದರೆ ದಿಂಬಿನ ಗವಸಿಗಾದರೂ ಬರುತ್ತದೆ, ಕಣ್ಣ ಮುಂದೆ ಇರುತ್ತದೆ.

ಕಾಗದಪತ್ರಕ್ಕೆ ಮಾತ್ರ ಅವಸರ ಮಾಡಬೇಡ. ಹೆಸ್ಕಾಂ ಬಿಲ್ಲು ಒಂದು ವರ್ಷದ್ದು ಸಾಕು. ಕೆಟ್ಟು ಹೋದ ಮಿಕ್ಸಿಯ ವಾರಂಟಿ ಕಾರ್ಡು, ಹಳೆ ಗ್ಯಾಸ್ ಚೀಟಿ, ಮುಗಿದ ರೀಚಾರ್ಜಿನ ರಸೀದಿ ರದ್ದಿಗೆ ಹೋಗಲಿ. ಖಾತೆ ನಂಬರು, ಆಧಾರ್ ನಂಬರು ಇರುವ ಹಾಳೆಯನ್ನು ಮಾತ್ರ ಸಣ್ಣಗೆ ಹರಿದು ಹಾಕು. ಅಂಗಡಿಯ ಮಿಷನ್ನಿನಿಂದ ಬರುವ ನುಣುಪು ಬಿಲ್ಲಿನ ಅಕ್ಷರ ಕಾಲ ಕಳೆದಂತೆ ಅಳಿಸಿ ಬರಿ ಬಿಳಿ ಹಾಳೆ ಉಳಿಯುತ್ತದೆ, ಹಾಗಾಗಿ ಫ್ರಿಜ್ಜು, ವಾಷಿಂಗ್ ಮಷಿನ್ನಿನ ಬಿಲ್ಲುಗಳನ್ನು ಈಗಲೇ ಝೆರಾಕ್ಸ್ ಮಾಡಿಸು. ಲೈಸೆನ್ಸು, ಗಾಡಿಯ ಆರ್‌ಸಿ ಡಿಜಿಲಾಕರ್‌ನಲ್ಲಿ ಇಲಾಖೆಯಿಂದಲೇ ಇಳಿಸಿಕೊಂಡರೆ ಅಸಲಿನಷ್ಟೇ ಮಾನ್ಯ. ಕಿಸೆಯಲ್ಲಿ ಇಟ್ಟು ಸವೆಸುವುದು ಬೇಕಿಲ್ಲ.

ಕಾಕಾರ ಕಾಗದ ಬೇರೆಯೇ ಮಾತು. ನಾವು ಮುಳುಗಡೆಯವರು, ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮನೆ ಬಿಟ್ಟವರು. ಆಲಮಟ್ಟಿಯಲ್ಲಿ ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ಅದನ್ನು 524.256 ಮೀಟರ್‌ಗೆ ಏರಿಸಲು ಕೃಷ್ಣಾ ನ್ಯಾಯಾಧೀಕರಣ 2010ರ ತೀರ್ಪಿನಲ್ಲಿ ಒಪ್ಪಿತ್ತು. ಏರಿದರೆ ಇನ್ನಷ್ಟು ಜಮೀನು ನೀರಿಗೆ ಹೋಗುತ್ತದೆ. ಪರಿಹಾರದ ಪ್ರಕರಣಗಳು ಅಪ್ಪನಿಂದ ಮಗನವರೆಗೆ ನಡೆದದ್ದನ್ನು ನೀನೂ ಕಂಡಿದ್ದೀ. ಆದ್ದರಿಂದ ಭೂಸ್ವಾಧೀನದ ನೋಟಿಸು, ಪರಿಹಾರ ಗೊತ್ತುಮಾಡಿದ ಅವಾರ್ಡಿನ ಪ್ರತಿ, ಕೋರ್ಟಿನ ಆದೇಶ, ಹಳೆ ಪಹಣಿ ಉತಾರ, ಖರೀದಿ ಪತ್ರ, ಪುನರ್ವಸತಿ ಜಾಗದ ಹಕ್ಕುಪತ್ರ, ಇವುಗಳಲ್ಲಿ ಒಂದು ಚೂರನ್ನೂ ಎಸೆಯಬೇಡ, ಎಷ್ಟೇ ಹಳದಿಯಾಗಿರಲಿ. ಲ್ಯಾಮಿನೇಷನ್ ಮಾಡಿಸಬೇಡ, ಹಳೆ ಕಾಗದ ಅದರೊಳಗೆ ಕೆಟ್ಟರೆ ಬಿಡಿಸಲು ಬರುವುದಿಲ್ಲ. ತುಕ್ಕು ಹಿಡಿದ ಟಾಚಣಿ ಮೆಲ್ಲಗೆ ತೆಗೆದು, ಸರ್ವೆ ನಂಬರಿಗೊಂದು ಫೈಲು ಮಾಡಿ, ಕಬ್ಬಿಣದ ತಿಜೋರಿಯ ಮೇಲಿನ ಖಾನೆಯಲ್ಲಿಡು. ನೆಲಕ್ಕೆ ತಾಗಿದರೆ ಒರಲಿ (ಗೆದ್ದಲು) ಬಿಡುವುದಿಲ್ಲ.

ನನಗೆ ಬಹಳ ಮುಖ್ಯ ಅನ್ನಿಸುವ ಮಾತು ಇನ್ನೂ ಬರೆದಿಲ್ಲ. ಕಾಕು ಬರುವಾಗ ಟ್ರಂಕು, ಕೌದಿಯ ಗಂಟು, ರೊಟ್ಟಿ ಹಂಚು, ಇನ್ನೂ ಏನೇನೋ ತರುತ್ತಾರೆ. "ಇದೆಲ್ಲಾ ಯಾಕ ಬೇಕವ್ವಾ" ಅಂತ ಬಾಗಿಲಲ್ಲೇ ಅನ್ನಬೇಡ. ಹಳೆ ಬಾಗಲಕೋಟೆಗೆ ಹಿನ್ನೀರು ಬಂದಾಗ ನಮ್ಮ ಮಂದಿ ಮನೆಯ ಬಾಗಿಲು, ಚೌಕಟ್ಟು, ತೊಲೆ ಕಿತ್ತು ಗಾಡಿಯ ಮೇಲೆ ಹೇರಿಕೊಂಡು ನವನಗರಕ್ಕೆ ಬಂದರು. ನಮ್ಮವ್ವ ಒಳಕಲ್ಲಿನ ಗುಂಡನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಳು. ಒಳಕಲ್ಲು ನೆಲದಲ್ಲೇ ಉಳಿಯಿತು, ಗುಂಡು ಈಗಲೂ ನಮ್ಮ ಅಡುಗೆಮನೆಯಲ್ಲಿದೆ. ಅದಕ್ಕೆ ಕೆಲಸ ಇಲ್ಲ. ಯಾರೂ ಅದನ್ನು ತೆಗೆ ಅನ್ನುವುದಿಲ್ಲ. ಮನೆಯನ್ನೇ ನೀರಿಗೆ ಬಿಟ್ಟು ಬಂದವರು ಕಾಕು, ಈಗ ಎರಡನೇ ಸಲ ಮನೆ ಬಿಡುತ್ತಿದ್ದಾರೆ. ಅವರ ಸಾಮಾನಿಗೆ ಜಾಗ ಆಗಲಿ ಅಂತಲೇ ನಿನ್ನದನ್ನು ಕಡಿಮೆ ಮಾಡು ಅನ್ನುತ್ತಿದ್ದೇನೆ. ಅವರದ್ದನ್ನು ಆರಿಸುವುದು ಅವರ ಕೆಲಸ, ಅವರಿಗೆ ಬೇಕು ಅನ್ನಿಸಿದಾಗ. ಬಟ್ಟೆ ಆರಿಸುವಾಗ ಸವೆದ ಕಾಟನ್ ಸೀರೆ, ಧೋತರ ಮಾತ್ರ ಕೌದಿ ಹೊಲಿಯಲು ಒಂದು ಗಂಟು ಕಟ್ಟಿಡಿ. ನೈಲಾನ್ ಬೇಡ, ಕೌದಿಯಲ್ಲಿ ಜಾರುತ್ತದೆ. ಹೊಸ ಊರಲ್ಲಿ ಮಧ್ಯಾಹ್ನದ ಹೊತ್ತು ಕಾಕು ಕೈಗೆ ಸೂಜಿ ದಾರ ಇದ್ದರೆ, ಪಕ್ಕದ ಮನೆಯ ಹೆಣ್ಣುಮಕ್ಕಳೂ ಬಂದು ಕೂರುತ್ತಾರೆ.

ಹೊರಗೆ ಹಾಕಲು ತೆಗೆದದ್ದು ಅದೇ ದಿನ ಹೊಸ್ತಿಲು ದಾಟಲಿ. ಬಾಗಿಲ ಹಿಂದೆ ಚೀಲ ಕಟ್ಟಿಟ್ಟರೆ ಎರಡು ದಿನದಲ್ಲಿ ಅರ್ಧ ಒಳಗೆ ವಾಪಸ್ ಬರುತ್ತದೆ. ರದ್ದಿ ಅಂಗಡಿ, ಮೋಡಕಾ ಗಾಡಿ ನಿಮ್ಮ ಓಣಿಯಲ್ಲೇ ಇವೆ. ಹಳೆ ಬಟ್ಟೆಗೆ ಬೋಗಾಣಿ ಕೊಡುವವರು ಬಂದರೆ ಬಟ್ಟೆ ಕೊಟ್ಟು ರೊಕ್ಕ ತಗೋ, ಮತ್ತೊಂದು ಪ್ಲಾಸ್ಟಿಕ್ ಬುಟ್ಟಿ ಮನೆಗೆ ತರಬೇಡ. ಡ್ರಾದಲ್ಲಿರುವ ಹಳೆ ಮೊಬೈಲುಗಳ ಬ್ಯಾಟರಿ ಉಬ್ಬಿದೆಯೇ ನೋಡು. ಉಬ್ಬಿದ್ದನ್ನು ಒತ್ತಬೇಡ, ಚುಚ್ಚಬೇಡ, ಕಸದ ಗಾಡಿಗೂ ಹಾಕಬೇಡ, ಬೆಂಕಿ ಹತ್ತುತ್ತದೆ. ಇ-ತ್ಯಾಜ್ಯ ತಗೊಳ್ಳುವ ಕಡೆ ಅಥವಾ ಆ ಮೊಬೈಲ್ ಕಂಪನಿಯ ಸರ್ವಿಸ್ ಸೆಂಟರಿಗೆ ಮುಟ್ಟಿಸು.

ಈ ವಾರ ಟೇಪು ಹಿಡಿದು ಮಂಚದ ಕೆಳಗಿನ ಎತ್ತರ ಅಳೆದು ನನಗೆ ಕಳಿಸು. ಬೀಳಗಿ ಇಲ್ಲಿಂದ ದೂರ ಏನಲ್ಲ, ನಾನು ಹೋಗಿ ಕಾಕುವಿನ ಟ್ರಂಕಿನ ಅಳತೆ ತಗೊಂಡು ಬರುತ್ತೇನೆ. ಅದು ಕೆಳಗೆ ಹಿಡಿಸದಿದ್ದರೆ ಮಂಚಕ್ಕೆ ಇಟ್ಟಂಗಿ ಕೊಟ್ಟು ಎತ್ತರಿಸಬೇಡ, ಆ ವಯಸ್ಸಿನಲ್ಲಿ ಹತ್ತಿ ಇಳಿಯುವುದು ಕಷ್ಟ. ಕಿಟಕಿ ಪಕ್ಕದ ಆ ಮುರುಕು ಕಂಪ್ಯೂಟರ್ ಟೇಬಲ್ ತೆಗೆದರೆ ಟ್ರಂಕು ಅಲ್ಲಿ ಸರಿಯಾಗಿ ಕೂರುತ್ತದೆ. ಟೆಂಪೋ ಯಾವ ದಿನ ಅಂತ ಮೊದಲೇ ತಿಳಿಸು, ಸಾಮಾನು ಹೇರಲು ನಾನೂ ಬರುತ್ತೇನೆ. ವೈನಿಗೆ ನಮಸ್ಕಾರ, ಮಕ್ಕಳಿಗೆ ಪ್ರೀತಿ.

ನಿನ್ನ ಗೆಳೆಯ